ಪಿಸ್ಟನ್ ಇಳಿಯುವಷ್ಟು

ಫೆಬ್ರವರಿ ೪, ಮಂಗಳವಾರ

ತಮ್ಮನಿಗೆ ಅಕ್ಕನ ಆಶೀರ್ವಾದ.

ಇವತ್ತು ನನಗೆ ಉಪವಾಸ. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಎದ್ದು ಅಂಗಳ ಗುಡಿಸಿ, ನಿನ್ನ ಭಾವನ ಎಣ್ಣೆ ಮೆತ್ತಿದ ಅಂಗಿಗಳನ್ನು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಹಾಕಿ, ದೇವರ ಮುಂದೆ ದೀಪ ಹಚ್ಚಿ, ಅವರಿಗೆ ತಿಂಡಿ ಕೊಟ್ಟು ಶೆಡ್ಡಿಗೆ ಕಳಿಸಿ ಈಗ ಕುಳಿತಿದ್ದೇನೆ. ಹೊಟ್ಟೆ ಖಾಲಿ ಇದ್ದಾಗ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕೇ ಕಾಗದಕ್ಕೆ ಈ ದಿನವನ್ನೇ ಆರಿಸಿಕೊಂಡೆ. ಉಪವಾಸವೂ ನಿನ್ನ ಸಲುವಾಗಿಯೇ. ನಿನಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ ಎಂದು.

ನೀನು ಹೋದ ಮೇಲೆ ಜನ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ. ನೀನೂ ಅಲ್ಲಿ ನಿನ್ನದೊಂದು ಕಥೆ ಕಟ್ಟುತ್ತಿರಬಹುದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಬ್ರೇಕಣ್ಣನ ಟ್ಯಾಕ್ಸಿಯ ಎಂಜಿನ್ ನಮ್ಮ ಶೆಡ್ಡಿಗೆ ಬಂತು. ಸಿಲಿಂಡರುಗಳ ಒಳಗೋಡೆ ಸವೆದು ಹೊಗೆ ಕಾರುತ್ತಿತ್ತು. ನೀನು ಅದರ ನಾಲ್ಕೂ ತೂತುಗಳನ್ನು ಒಂದೊಂದು ಮಿಲಿಮೀಟರು ಅಗಲಿಸಿ ಕನ್ನಡಿಯ ಹಾಗೆ ಮಾಡಿದೆ. ಕೆಲಸದಲ್ಲಿ ನಿನಗೆ ಸಾಟಿ ಇಲ್ಲ, ಅದು ಬೇರೆ ಮಾತು. ಅಗಲಿಸಿದ ಮೇಲೆ ಎಂಜಿನ್ ಎಷ್ಟು ಸಿಸಿ ಆಯಿತು ಎಂದು ವಾಹನ ಕಚೇರಿಗೆ ಅಳತೆಪತ್ರ ಕೊಡಬೇಕು. ಸಾವಿರದ ಇನ್ನೂರರ ಒಳಗಿದ್ದರೆ ಟ್ಯಾಕ್ಸಿಗೆ ಪರವಾನಗಿ, ದಾಟಿದರೆ ಇಲ್ಲ. ಅಳೆಯುವವನು ನೀನು, ಸೀಲು ನಿನ್ನದು, ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನ್ನದು. ನೀನು ಬರೆಸಿದ ಅಂಕಿ ಸಾವಿರದ ನೂರ ಎಂಬತ್ತೆಂಟು. ಗೆರೆಗೆ ಇನ್ನು ಹನ್ನೆರಡೇ ಉಳಿದಿದೆ! ಅಂಕಿ ಹೀಗೆ ಹೊಸ್ತಿಲ ತನಕ ಬಂದು ಸಭ್ಯನ ಹಾಗೆ ನಿಂತದ್ದು ನೋಡಿ ನನಗೆ ಅನುಮಾನ ಬಂತು.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ. ಆದರೆ ದುಂಡನೆಯದರ ಲೆಕ್ಕವನ್ನು ಮೇಷ್ಟ್ರು ನಮಗೆ ಬಾವಿಯ ಕಟ್ಟೆಯ ಮೇಲೆ ಕೂರಿಸಿ ಕಲಿಸಿದ್ದರು. ಅಗಲದ ಅರ್ಧವನ್ನು ಅದೇ ಅರ್ಧದಿಂದ ಗುಣಿಸು, ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸು, ಬಂದದ್ದನ್ನು ಆಳದಿಂದ ಗುಣಿಸು. ಬಿಚ್ಚಿಟ್ಟ ಎಂಜಿನ್ ಬ್ಲಾಕು ಮೇಜಿನ ಮೇಲೇ ಇತ್ತು. ಸ್ಕೇಲು ಇಳಿಬಿಟ್ಟೆ. ತೂತಿನ ಅಗಲ ಏಳು ಪಾಯಿಂಟ್ ಒಂದು ಸೆಂಟಿಮೀಟರು, ನೀನು ಹೇಳಿದ್ದೇ. ಆಳ ಹದಿಮೂರು. ನಾಲ್ಕು ತೂತಿಗೆ ಲೆಕ್ಕ ಹಾಕಿದರೆ ಎರಡು ಸಾವಿರವನ್ನು ದಾಟಿ ಅರವತ್ತರ ಹತ್ತಿರ ಬಂತು. ಎರಡೆರಡು ಸಲ ಹಾಕಿದೆ.

"ಏನೋ ಪುಟ್ಟ ಇದು, ಎರಡು ಸಾವಿರ ದಾಟುತ್ತಲ್ಲೋ?" ಎಂದೆ.

ನೀನು ನಕ್ಕೆ. "ಅಯ್ಯೋ, ನೀನು ಅಳೆದಿರೋದೇ ಬೇರೆ ಅಕ್ಕ. ಬಿಡು, ಬರಿ."

"ಬಿಡು ಅಂದ್ರೆ? ನನ್ನ ಕೈಲಿ ಸುಳ್ಳು ಬರೆಸ್ತೀಯಾ?"

ಆ ನಗು ನನಗೆ ತಾಗಿತು. ಹೊರಗೆ ಬೆಂಚಿನ ಮೇಲೆ ಗಾಡಿ ಬಿಟ್ಟವರೆಲ್ಲ ಕುಳಿತಿದ್ದರು, ಬ್ರೇಕಣ್ಣನೂ ಇದ್ದ. ನಾನು ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆಯೇ ಹೇಳಿದೆ, ಇಲ್ಲ ಎನ್ನುವುದಿಲ್ಲ. "ಇವನಿಗೆ ಪರವಾನಗಿ ಕೊಡಿಸೋಕೆ ನನ್ನ ತಮ್ಮ ಅಳತೇನೇ ಅರ್ಧ ಮಾಡಿದಾನೆ. ಈ ಮನೇಲಿ ಸುಳ್ಳಿನ ಒಲೆ ಉರಿಯಲ್ಲ" ಎಂದೆ. ನಿನ್ನ ಭಾವ ಅಲ್ಲೇ ನಿಂತು ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗೇ ಅಲ್ಲವೇ? ನೀನು ಮೈಮೇಲಿನ ಕೆಲಸದ ಬಟ್ಟೆ ಬಿಚ್ಚಿ ಮೊಳೆಗೆ ಹಾಕಿ ಹೊರಟೇ ಹೋದೆ. ತಪ್ಪಿಲ್ಲದವನು ಹಾಗೆ ಹೋಗುತ್ತಾನೆಯೇ?

ಮರುದಿನ ವಾಹನ ಕಚೇರಿಗೆ ನಾನೇ ದೂರು ಬರೆದು ಲಕೋಟೆ ಅಂಟಿಸಿ ಕಳಿಸಿದೆ. ನಿನ್ನ ಮೇಲಿನ ಹಗೆಯಿಂದ ಅಲ್ಲ. ತಾಯಿ ಹೋದ ಮೇಲೆ ನಿನ್ನನ್ನು ಎತ್ತಿ ಆಡಿಸಿದವಳು ನಾನು. ಎತ್ತಿದ ಕೈಗೇ ತಿದ್ದುವ ಹಕ್ಕೂ ಇರುವುದು. ಬಂದು ತಪ್ಪಾಯಿತು ಎನ್ನು. ಮನೆ ನಿನ್ನದೇ.

ನಿನ್ನ ಅಕ್ಕ

*

ಫೆಬ್ರವರಿ ೨೧

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ನೀನು ಬರೆದದ್ದರಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ನಡೆದದ್ದು ಹಾಗೆಯೇ. ಒಂದನ್ನು ನೀನು ನೋಡಲಿಲ್ಲ, ಅದನ್ನು ನಾನೂ ಬರೆಯುವುದಿಲ್ಲ.

ಇಲ್ಲಿ ಒಂದು ಲೇತ್ ಶೆಡ್ಡಿನಲ್ಲಿದ್ದೇನೆ. ಧಣಿಯನ್ನು ಎಲ್ಲರೂ ಮೌನಿ ಎಂದು ಕರೆಯುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಒಳ್ಳೆಯ ಮನುಷ್ಯ. ಆದರೆ ತೂತು ಅಗಲಿಸುವ ಬೋರಿಂಗ್ ಯಂತ್ರದ ಹತ್ತಿರ ನನ್ನನ್ನು ಬಿಡುವುದಿಲ್ಲ. ಬಿಡುವ ಹಾಗೂ ಇಲ್ಲ. ಕಚೇರಿಯವರು ನನ್ನ ಸೀಲನ್ನು ತಡೆಹಿಡಿದಿದ್ದಾರೆ. "ಹೊರಗಿನವರು ದೂರು ಕೊಟ್ಟಿದ್ರೆ ನೋಡೋಣ ಅಂತಿದ್ವಿ. ಒಡಹುಟ್ಟಿದೋಳೇ ಬರೆದಿದಾಳಲ್ಲಪ್ಪ, ಹೇಗೆ ತಳ್ಳಿಹಾಕೋದು?" ಎಂದ ಗುಮಾಸ್ತ. ವಿಚಾರಣೆ ಮುಗಿಯುವ ತನಕ ನಾನು ಅಳೆಯುವಂತಿಲ್ಲ, ಕೊರೆಯುವಂತಿಲ್ಲ. ಬೇರೆಯವರು ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡುತ್ತೇನೆ. ದೂರು ನಿಜವೆಂದು ತೀರ್ಮಾನವಾದರೆ ಸೀಲು ಹೋದ ಹಾಗೇ, ಮತ್ತೆ ಸಿಗುವುದಿಲ್ಲ. ಬ್ರೇಕಣ್ಣನ ಗಾಡಿಯೂ ನಿಂತಿದೆಯಂತೆ.

ಲೆಕ್ಕವನ್ನು ನಾನು ಇಲ್ಲಿಂದ ವಿವರಿಸುವುದಿಲ್ಲ. ವಿವರಿಸಿದರೆ ಅದು ನನ್ನ ಮಾತಾಗುತ್ತದೆ, ನನ್ನ ಮಾತಿನ ಮೇಲೆ ತಾನೇ ನಿನಗೆ ಅನುಮಾನ. ಒಂದು ಕೆಲಸ ಮಾಡು. ಶೆಡ್ಡಿಗೆ ಯಾವುದಾದರೂ ಎಂಜಿನ್ ಬಂದು ಮೇಲಿನ ಮುಚ್ಚಳ ಬಿಚ್ಚಿದ್ದಾಗ, ಕೆಳಗಿನ ಕ್ರ್ಯಾಂಕ್ ದಂಡವನ್ನು ಕೈಯಿಂದ ಒಂದು ಸುತ್ತು ಪೂರ್ತಿ ತಿರುಗಿಸು. ಪಿಸ್ಟನ್ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ನೋಡು. ಯಾರನ್ನೂ ಕೇಳಬೇಡ. ಭಾವನನ್ನೂ.

ಉಪವಾಸ ಮಾಡಿ ತಲೆ ತಿರುಗಿಸಿಕೊಳ್ಳಬೇಡ. ನಿನಗೆ ಪಿತ್ತ.

ಪುಟ್ಟ

*

ಮಾರ್ಚ್ ೧೪

ತಮ್ಮನಿಗೆ,

ಪಾಠ ಹೇಳಿದ್ದಕ್ಕೆ ಸಂತೋಷ. ನಾನು ಹಾಲು ಕುಡಿಯುವ ಮಗುವಲ್ಲ. ಹದಿಮೂರು ಎಂದರೆ ಹದಿಮೂರೇ, ಸ್ಕೇಲಿಗೆ ಅಕ್ಕ ತಮ್ಮ ಎಂಬ ಮೋಹ ಇಲ್ಲ. ಎಂಜಿನ್ ಸುತ್ತಿಸಿ ನೋಡು ಎನ್ನುತ್ತೀಯ. ನಾನು ಎಣ್ಣೆಗೆ ಕೈ ಹಾಕುವವಳಲ್ಲ ಎಂದು ಗೊತ್ತಿದ್ದೇ ಹಾಗೆ ಬರೆದೆಯಾ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವ ಈಗ ತಾವೇ ಬೋರಿಂಗ್ ಮಾಡುತ್ತಿದ್ದಾರೆ. ಕಣ್ಣು ಮೊದಲಿನ ಹಾಗಿಲ್ಲ. ಒಬ್ಬ ಗೂಡ್ಸ್ ಗಾಡಿಯವನು ಮಾಡಿಸಿಕೊಂಡು ಹೋದ ವಾರಕ್ಕೇ ತಿರುಗಿ ಬಂದ. "ಮೇಸ್ತ್ರಿ, ಮೊದ್ಲು ಹಿಂದೆ ಬರೋರಿಗೆ ಮಾತ್ರ ಹೊಗೆ ಹೋಗ್ತಿತ್ತು, ಈಗ ನನಗೂ ಬರ್ತಿದೆ" ಎಂದ. ಬೆಂಚಿನ ಮೇಲಿದ್ದವರು ನಕ್ಕರು. ಇವರು ನಗಲಿಲ್ಲ.

ಬ್ರೇಕಣ್ಣನ ವಿಷಯ ಬರೆದಿದ್ದೀಯ. ದಾರಿಯಲ್ಲಿ ಯಾರೇ ಪರಿಚಯದವರು ಕಂಡರೂ ಬ್ರೇಕ್ ಹಾಕಿ ಮಾತಾಡಿಸುತ್ತಿದ್ದ ಮನುಷ್ಯ, ಈಗ ನಡೆದುಕೊಂಡು ಹೋಗುವಾಗಲೂ ನಿಲ್ಲುವುದಿಲ್ಲ. ತರಕಾರಿ ಅಂಗಡಿಯಲ್ಲಿ ಎದುರಾದ. ನಾನೇ "ಹೇಗಿದೀರಿ ಅಣ್ಣ?" ಎಂದೆ. "ನಿಮ್ಮ ದಯೆಯಿಂದ ನಡೀತಾ ಇದೀನಮ್ಮ" ಎಂದು ಹೊರಟ. ಎರಡರ್ಥದಲ್ಲಿ ಹೇಳಿದನೋ ಏನೋ, ಮನೆಗೆ ಬಂದ ಮೇಲೆ ಚುಚ್ಚಿತು. ಪ್ರಾರ್ಥನೆಗೆ ಬರುವ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಈಗ ಕಂಬದ ಆಚೆ ಕೂರುತ್ತಾಳೆ. ಕೂರಲಿ. ಸತ್ಯ ಹೇಳಿದವರ ಪಕ್ಕದ ಜಾಗ ಯಾವಾಗಲೂ ಖಾಲಿಯೇ.

ನೀನು ಬರೆಯದೆ ಬಿಟ್ಟದ್ದು ಏನು? ಹೇಳುವುದಿದ್ದರೆ ನೇರವಾಗಿ ಹೇಳು. ಅರ್ಧ ಮುಚ್ಚಿದ ಪಾತ್ರೆಯ ಹಾಗೆ ಮಾತಾಡಬೇಡ.

ಪಿತ್ತ ಕಡಿಮೆಯಾಗಿದೆ.

ಅಕ್ಕ

*

ಏಪ್ರಿಲ್ ೬, ಭಾನುವಾರ

ಪುಟ್ಟ,

ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ. ಈ ಕಾಗದವನ್ನು ಎರಡು ಸಲ ಬರೆದು ಒಲೆಗೆ ಹಾಕಿದೆ. ಎರಡರಲ್ಲೂ ನನ್ನ ಬಗ್ಗೆ ನಾನೇ ಮರುಗಿಕೊಂಡಿದ್ದೆ. ಇದರಲ್ಲಿ ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಮೊನ್ನೆ ಬ್ರೇಕಣ್ಣನದೇ ಮಾದರಿಯ ಇನ್ನೊಂದು ಟ್ಯಾಕ್ಸಿ ಬಂತು. ಮಧ್ಯಾಹ್ನ ಇವರು ಊಟ ಮಾಡಿ ಮನೆಯಲ್ಲಿ ಒರಗಿದ್ದರು. ನಾನು ಕಸ ಗುಡಿಸುವ ನೆಪದಲ್ಲಿ ಶೆಡ್ಡಿಗೆ ಹೋದೆ. ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿಟ್ಟಿತ್ತು, ಪಿಸ್ಟನ್ನುಗಳು ಒಳಗೇ ಇದ್ದವು. ನೀನು ತಪ್ಪೆಂದು ತೋರಿಸಿ ನಿನಗೇ ಬರೆಯಬೇಕು ಎಂದುಕೊಂಡೇ ಹೋದದ್ದು, ಸುಳ್ಳೇಕೆ ಹೇಳಲಿ. ಕ್ರ್ಯಾಂಕಿನ ತುದಿಗೆ ದೊಡ್ಡ ಸ್ಪ್ಯಾನರ್ ಸಿಕ್ಕಿಸಿ ಎಳೆದೆ. ಬಿಗಿ ಇತ್ತು. ಇನ್ನೊಂದು ಸಲ ಎಳೆದಾಗ ಒಂದು ಪಿಸ್ಟನ್ ಮೇಲೆದ್ದು ಬಂದು ಬ್ಲಾಕಿನ ಅಂಚಿಗೆ ಸಮನಾಗಿ ನಿಂತಿತು. ಮತ್ತೆ ಎಳೆದೆ. ಇಳಿಯತೊಡಗಿತು. ಇಳಿಯಿತು, ಇಳಿಯಿತು, ತಳದ ತನಕ ಹೋಗುತ್ತದೆ ಎಂದು ನಾನು ಬಗ್ಗಿ ನೋಡುತ್ತಿದ್ದರೆ ಅರ್ಧ ದಾರಿ ಕಳೆದು ಸ್ವಲ್ಪ ಮುಂದಕ್ಕೆ ನಿಂತುಬಿಟ್ಟಿತು. ನಿಂತು ಮೇಲಕ್ಕೆ ಹೊರಟಿತು.

ನಾನು ಸ್ಪ್ಯಾನರ್ ಬಿಟ್ಟು ಸ್ಕೇಲು ತಂದೆ. ಏಳೂವರೆ ಸೆಂಟಿಮೀಟರು.

ಆಮೇಲೆ ಅಲ್ಲಿಯೇ ಗೋಡೆಗೆ ಒರಗಿಸಿದ್ದ ಬಿಡಿ ಪಿಸ್ಟನ್ ಒಂದನ್ನು ಎತ್ತಿಕೊಂಡು ನೋಡಿದೆ. ಅದಕ್ಕೂ ಒಂದು ಮೈ ಇದೆ, ಲೋಟದ ಹಾಗೆ. ಎಲ್ಲಕ್ಕಿಂತ ಕೆಳಗೆ ನಿಂತಾಗಲೂ ಆ ಮೈಗೆ ಆಸರೆಯಾಗಿ ಗೋಡೆ ಬೇಕು. ಅದಕ್ಕೇ ತೂತು ಅಷ್ಟು ಆಳ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ಎಷ್ಟು ಸಲ ಹಿಡಿದಿಲ್ಲ ನಾನು! ಹಿಡಿ ಎಷ್ಟು ದೂರ ಓಡುತ್ತದೋ ಅಷ್ಟೇ ಗಾಳಿ. ಕೊಳವೆ ಎಷ್ಟು ಉದ್ದ ಎಂದು ಯಾರಾದರೂ ಕೇಳುತ್ತಾರೆಯೇ?

ಏಳೂವರೆಯಿಂದ ಲೆಕ್ಕ ಹಾಕಿದೆ. ನಿನ್ನ ಅಂಕಿಯೇ ಬಂತು. ಸಾವಿರದ ನೂರ ಎಂಬತ್ತೆಂಟು.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಆದರೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಮನೆಗೆ ಬಂದಾಗ ನಿನ್ನ ಭಾವ ಎದ್ದಿದ್ದರು. "ಮುಖಕ್ಕೇನೇ ಅದು ಕರಿ?" ಎಂದರು. "ಏನಿಲ್ಲ" ಎಂದು ಬಚ್ಚಲಿಗೆ ಹೋದೆ. ಸೋಪು ಹಾಕಿ ಉಜ್ಜಿದರೂ ಹಣೆಯ ಮೇಲಿನದು ಹೋಗಲಿಲ್ಲ.

ನಿನ್ನ ಸುಳ್ಳಿಗೆ ಪ್ರಾಯಶ್ಚಿತ್ತ ಎಂದು ವಾರಗಟ್ಟಲೆ ಹಸಿದಿದ್ದೆನಲ್ಲೋ. ದೇವರು ಅದನ್ನು ಯಾವ ಮುಖದಿಂದ ನೋಡುತ್ತಿದ್ದನೋ. ನಿನ್ನೆ ದೀಪ ಹಚ್ಚಿದೆ, ಆದರೆ ಎದುರಿಗೆ ಕೂರಲಾಗಲಿಲ್ಲ. ಅತಿಥಿಯಾಗಿ ಹೋದ ಮನೆಯಲ್ಲಿ ತಟ್ಟೆ ಒಡೆದವಳ ಹಾಗೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ.

ಒಂದು ಕೇಳುತ್ತೇನೆ. ಕೇಳುವ ಹಕ್ಕಿಲ್ಲ, ಆದರೂ. ಅವತ್ತು ನಾಲ್ಕು ಮಾತಲ್ಲಿ ಇದನ್ನೇ ಹೇಳಿದ್ದರೆ ಮುಗಿಯುತ್ತಿರಲಿಲ್ಲವೇ? ನೀನೇಕೆ ಹೇಳಲಿಲ್ಲ?

ಅಕ್ಕ

*

ಏಪ್ರಿಲ್ ೨೨

ಅಕ್ಕ,

ಹಣೆಯ ಎಣ್ಣೆಗೆ ಸೋಪು ಸಾಲದು. ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸು. ಇಷ್ಟು ವರ್ಷ ನಮ್ಮ ಬಟ್ಟೆ ಒಗೆದವಳಿಗೆ ನಾನು ಹೇಳಬೇಕೇ!

ನಿನ್ನ ಮೇಲೆ ನನಗೆ ಕೋಪವಿದೆ, ಇಲ್ಲವೆಂದರೆ ನೀನು ನಂಬುವುದಿಲ್ಲ. ಆದರೆ ಲೆಕ್ಕ ತಪ್ಪಿದ್ದಕ್ಕಲ್ಲ. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಅದು. ನಾನೂ ಮಾಡಿದ್ದೆ. ಭಾವನೇ ತಲೆಗೆ ಮೊಟಕಿ ತೋರಿಸಿಕೊಟ್ಟರು, ಅದೇ ಮೇಜಿನ ಮೇಲೆ.

ನಾಲ್ಕು ಮಾತು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಭಾವನ ಕಡೆ ನೋಡಿದೆ. ಕಲಿಸಿದವರು ಅವರೇ, ಅವರು ಒಂದು ಮಾತು ಹೇಳಿದರೆ ನೀನೂ ಕೇಳುತ್ತೀಯ, ಬೆಂಚಿನ ಮೇಲಿದ್ದವರೂ ಕೇಳುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಿದರು. ನೋಡಿ ಮತ್ತೆ ಸ್ಪ್ಯಾನರ್ ಒರೆಸಿದರು. ಅದು ಆಗಲೇ ಒರೆಸಿ ಆಗಿತ್ತು ಅಕ್ಕ. ಆಮೇಲೆ ನನಗೆ ಮಾತು ಬೇಡವಾಯಿತು.

ಇಷ್ಟನ್ನು ಬರೆಯಬಾರದು ಎಂದಿದ್ದೆ. ನೀನು ಕೇಳಿದೆ, ಬರೆದೆ. ಅವರನ್ನು ಹಿಡಿದು ಕೇಳಬೇಡ. ನನಗೆ ಇಲ್ಲಿ ಮೌನಿಯ ಜೊತೆ ಹೇಗೋ ನಡೆಯುತ್ತದೆ. ನೀನು ಆ ಮನೆಯಲ್ಲಿ ಬದುಕಬೇಕು.

ಕಚೇರಿಯಿಂದ ನಿನಗೆ ಪ್ರಶ್ನೆ ಕೇಳಿ ಕಾಗದ ಬರುತ್ತದೆಯಂತೆ, ಗುಮಾಸ್ತ ಹೇಳಿದ. ನೀನು ಏನು ಉತ್ತರ ಬರೆಯುತ್ತೀಯೋ ಅದರ ಮೇಲೆ ನನ್ನ ಸೀಲು. ಸ್ಕೇಲು ಸರಿ ಇರಲಿಲ್ಲ, ಅದರಿಂದ ತಪ್ಪಾಯಿತು ಎಂದು ಬರೆದುಬಿಡು. ಯಾರ ಮಾನವೂ ಹೋಗುವುದಿಲ್ಲ.

ಪುಟ್ಟ

*

ಮೇ ೧೨, ಸೋಮವಾರ

ಪುಟ್ಟ,

ಕೇಳಬೇಡ ಎಂದೆ. ಕೇಳಿದೆ. ಇಷ್ಟು ದಿನ ಬರೆಯದಿದ್ದದ್ದು ಅದಕ್ಕೇ.

ಊಟಕ್ಕೆ ಬಡಿಸಿ ಎದುರಿಗೆ ಕುಳಿತೆ. "ತೂತಿನ ಆಳ ಬೇರೆ, ಪಿಸ್ಟನ್ ಓಡೋದು ಬೇರೆ. ನಿಮಗೆ ಗೊತ್ತಿತ್ತಾ?" ಎಂದೆ.

ಅವರು ನಕ್ಕರು. "ಹುಟ್ಟಿದಾಗಿಂದ ಬೋರಿಂಗ್ ಮಾಡ್ತಾ ಇರೋನಿಗೆ ಇದು ಗೊತ್ತಿರಲ್ವೇನೇ?" ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ತುತ್ತು ಕೈಯಲ್ಲೇ ನಿಂತಿತು.

"ಮತ್ಯಾಕೆ ಸುಮ್ನಿದ್ರಿ ಅವತ್ತು?"

"ನಾಲ್ಕು ಜನದ ಮುಂದೆ ಹೆಂಡ್ತಿ ಹೇಳಿದ್ದು ತಪ್ಪು ಅನ್ನಲಾ? ನಿನ್ನ ಮರ್ಯಾದೆ ಉಳಿಸಿದೆ."

"ನನ್ನದು ಉಳಿಸೋಕೆ ಅವನದು ತೆಗೆದ್ರಾ?"

ತುತ್ತನ್ನು ತಟ್ಟೆಗೇ ಹಾಕಿದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ನನ್ನ ಕಡೆ ನೋಡದೆ, "ಬಂದೋರೆಲ್ಲ ಸಣ್ಣ ಮೇಸ್ತ್ರಿ ಇದಾರಾ ಅಂತಲೇ ಕೇಳೋರು. ನಾನು ಎದುರಿಗೇ ನಿಂತಿರ್ತಿದ್ದೆ. ಇದಾನೆ ಒಳಗೆ ಹೋಗಿ ಅಂತ ನಾನೇ ತೋರಿಸಬೇಕು. ಒಂದು ದಿನ, ಒಂದೇ ದಿನ ಅವನ ತಲೆ ತಗ್ಗಲಿ ಅನ್ನಿಸ್ತು. ಸಂಜೆ ನಾನೇ ಸರಿಮಾಡ್ತಿದ್ದೆ. ಅವನು ಅಷ್ಟರಲ್ಲಿ ಹೋಗಿಬಿಟ್ಟ. ನೀನು ಬೆಳಗಾಗೋದ್ರಲ್ಲಿ ಕಚೇರಿಗೆ ಬರೆದುಬಿಟ್ಟೆ" ಎಂದರು.

ನಾನು ಅವರನ್ನು ಬೈಯಲಿಲ್ಲ. ಯಾವ ಬಾಯಿಂದ ಬೈಯಲಿ? ಅವರು ಬಾಯಿ ಮುಚ್ಚಿದ್ದರು, ನಾನು ತೆರೆದಿದ್ದೆ. ಎರಡೂ ಸೇರಿ ನಿನ್ನನ್ನು ಹೊರಗೆ ಹಾಕಿದ್ದು. ಇನ್ನೊಂದನ್ನೂ ಹೇಳಬೇಕು, ನಾಚಿಕೆಗೆಟ್ಟು ಹೇಳುತ್ತೇನೆ. ಸತ್ಯಕ್ಕಾಗಿ ಕೂಗಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಅವತ್ತು ಬಾಗಿಲಲ್ಲಿ ನಿಂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ನಿನ್ನ ನಗು. ಬೆಂಚಿನ ಮೇಲಿನವರೆಲ್ಲ ನನ್ನ ಕಡೆ ತಿರುಗಿದಾಗ, ಅಬ್ಬಾ, ಈ ಹೆಂಗಸಿಗೆ ಲೆಕ್ಕ ಬರುತ್ತದೆ ಎಂದು ಅವರಿಗೆ ಅನ್ನಿಸಿತಲ್ಲ, ಅದು ನನಗೆ ಹಿತವಾಗಿತ್ತು. ದೇವರ ಹೆಸರನ್ನು ಆಮೇಲೆ ಅಂಟಿಸಿದ್ದು.

ಕಚೇರಿಯ ಕಾಗದ ಬಂದಿದೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಪ್ರಶ್ನೆ ಎರಡೇ. ಯಾವ ಅಳತೆಯ ಮೇಲೆ ದೂರು ಕೊಟ್ಟಿರಿ? ಅಳತೆ ಬಲ್ಲವರು ಬೇರೆ ಯಾರಾದರೂ ಆಗ ಹಾಜರಿದ್ದರೇ, ಇದ್ದರೆ ಅವರು ಏನೆಂದರು?

ಇವರು ಓದಿ ನೋಡಿ ನೀನು ಹೇಳಿದ್ದನ್ನೇ ಹೇಳಿದರು. "ಸ್ಕೇಲು ಸವೆದಿತ್ತು ಅಂತ ಬರಿ. ಯಾರೂ ಇರಲಿಲ್ಲ ಅಂತ ಬರಿ. ಮುಗೀತು." ಭಾವ, ಭಾವಮೈದ ಇಬ್ಬರೂ ಒಂದೇ ಮಾತು ಹೇಳುವುದು ಇದೊಂದರಲ್ಲಿ. ಆದರೆ ನಾನು ಯೋಚಿಸಿದೆ. ಸ್ಕೇಲು ಯಾರದು? ಶೆಡ್ಡಿನದು. ಅದು ಸರಿ ಇಲ್ಲವೆಂದು ಬರೆದುಕೊಟ್ಟರೆ, ಹಾಗಾದರೆ ನಿನ್ನ ತಮ್ಮ ಯಾವುದರಲ್ಲಿ ಅಳೆದ, ಅವನ ಹಿಂದಿನ ಅಳತೆಗಳ ಗತಿಯೇನು ಎಂದು ಅವರು ಕೇಳುವುದಿಲ್ಲವೇ? ನನ್ನ ಮಾನ ಉಳಿಯುತ್ತದೆ, ನಿನ್ನ ಸೀಲಿನ ಮೇಲೆ ಕರಿ ಹಾಗೆಯೇ ಕೂರುತ್ತದೆ. ನನ್ನ ಒಂದು ತಪ್ಪನ್ನು ಮುಚ್ಚಲು ನಿನ್ನ ಜೀವಮಾನದ ಕೆಲಸವನ್ನು ಹೊದಿಕೆ ಮಾಡಬೇಕೇ? ನೀನು ಬುದ್ಧಿವಂತ, ಇದು ನಿನಗೆ ತಿಳಿಯದೆ ಇಲ್ಲ. ತಿಳಿದೂ ಬರೆದೆಯಲ್ಲ ಎಂದು ಕಾಗದ ಹಿಡಿದು ಅತ್ತೆ.

"ನಡೆದದ್ದನ್ನೇ ಬರೀತೀನಿ" ಎಂದೆ ಇವರಿಗೆ.

"ನನ್ನ ಹೆಸರೂ?"

"ನೀವೂ ಅಲ್ಲೇ ಇದ್ರಲ್ಲ."

"ಶೆಡ್ಡಿಗೂ ಬೀಗ ಹಾಕಿಸ್ತೀಯ."

"ಹಾಕಿದ್ರೆ ಇಬ್ಬರೂ ಹೊರಗೆ ಕೂರೋಣ, ಬೆಂಚಿದೆ."

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಬರಿ. ನಾನು ಮಾತ್ರ ಅಂಚೆಗೆ ಹಾಕಲ್ಲ" ಎಂದು ಎದ್ದು ಹೋದರು.

ಇವತ್ತು ಬೆಳಿಗ್ಗೆ ಬರೆದು ಮುಗಿಸಿದೆ. ಹಸಿದುಕೊಂಡು ಬರೆಯಲಿಲ್ಲ, ಹೊಟ್ಟೆ ತುಂಬ ತಿಂದೇ ಬರೆದೆ. ಸತ್ಯ ಹೇಳಲು ಉಪವಾಸವೇ ಬೇಕು ಎಂದರೆ ಅದೆಂಥ ಸತ್ಯ. ಬರೆದದ್ದು ಇಷ್ಟು:

'ನಾನು ಸಿಲಿಂಡರಿನ ತೂತಿನ ಪೂರ್ತಿ ಆಳವನ್ನು ಅಳೆದೆ. ಅಳೆಯಬೇಕಾದದ್ದು ಪಿಸ್ಟನ್ ಓಡುವಷ್ಟು ದೂರವನ್ನು. ಅದು ಏಳೂವರೆ ಸೆಂಟಿಮೀಟರು. ಸ್ಕೇಲು ಸರಿಯಾಗಿದೆ. ನನ್ನ ತಿಳಿವಳಿಕೆ ಸರಿಯಿರಲಿಲ್ಲ. ನನ್ನ ತಮ್ಮ ಬರೆಸಿದ ಅಂಕಿ ಸರಿ. ಟ್ಯಾಕ್ಸಿಯವರದು ಯಾವ ತಪ್ಪೂ ಇಲ್ಲ. ಅಳತೆ ಬಲ್ಲ ನನ್ನ ಯಜಮಾನರು ಅಲ್ಲಿ ಹಾಜರಿದ್ದರು, ತಪ್ಪು ಅವರಿಗೆ ತಿಳಿದಿತ್ತು, ಅವರು ಹೇಳಲಿಲ್ಲ. ನಾನೂ ಅವರನ್ನು ಕೇಳಲಿಲ್ಲ.'

ಕೊನೆಯ ಸಾಲನ್ನು ಬರೆಯಲು ಎಲ್ಲಕ್ಕಿಂತ ಹೊತ್ತು ಹಿಡಿಯಿತು. ಕೇಳಬಹುದಾಗಿತ್ತಲ್ಲವೇ ಪುಟ್ಟ? ಮೂರು ಹೆಜ್ಜೆ ಆಚೆಗೇ ನಿಂತಿದ್ದರು.

ಮೇಜಿನ ಮೇಲಿಟ್ಟು ಬಟ್ಟೆ ಒಣಹಾಕಲು ಹೋಗಿದ್ದೆ. ತಿರುಗಿ ಬಂದಾಗ ಇವರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಹರಿದುಹಾಕುತ್ತಾರೆ ಎಂದು ಬಾಗಿಲಲ್ಲೇ ನಿಂತೆ. ಓದಿ ಕಾಗದವನ್ನು ಇದ್ದ ಕಡೆಯೇ ಇಟ್ಟರು. "ಏಳೂವರೆ ಅಂತ ಬರೆದಿದೀಯ. ಸರಿ ಇದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದರು. ಅವತ್ತು ಹೇಳಬೇಕಾಗಿದ್ದ ಮಾತನ್ನು ಇವತ್ತು ಹೇಳಿದರು. ತಡವಾಯಿತು, ಆದರೂ ಹೇಳಿದರು. ನಾನು ಅದನ್ನು ದೊಡ್ಡದು ಮಾಡುವುದಿಲ್ಲ. ನೀನೂ ಮಾಡಬೇಡ.

ಬ್ರೇಕಣ್ಣನ ಬೀದಿಯ ತನಕ ಎರಡು ಸಲ ಹೋಗಿ ತಿರುಗಿ ಬಂದಿದ್ದೇನೆ. ಮೊದಲ ಸಲ ಅವನ ಹೆಂಡತಿ ಹೊರಗೆ ನಿಂತಿದ್ದಳು, ನಾನು ಪಕ್ಕದ ಅಂಗಡಿಗೆ ನುಗ್ಗಿ ಬೇಡವಾದ ಬೆಂಕಿಪೊಟ್ಟಣ ಕೊಂಡೆ. ಎರಡನೆಯ ಸಲ ಹೊರಗೆ ಯಾರೂ ಇರಲಿಲ್ಲ. ಬಟ್ಟೆ ಮುಚ್ಚಿ ನಿಲ್ಲಿಸಿದ ಗಾಡಿಯೊಂದೇ ಇತ್ತು. ಯಾರೂ ಇಲ್ಲದಾಗಲೂ ಬಾಗಿಲು ತಟ್ಟಲಾಗಲಿಲ್ಲ. ಬೆಂಚಿನ ಮುಂದೆ ಅಷ್ಟು ದೊಡ್ಡದಾಗಿದ್ದ ನನ್ನ ಗಂಟಲು ಎಲ್ಲಿ ಹೋಯಿತೋ.

ಅಂಚೆಯ ಡಬ್ಬಿ ನಮ್ಮ ಬೀದಿಯ ತುದಿಯಲ್ಲೇ ಇದೆ, ನಾನೇ ಹಾಕಿ ಬರಬಹುದು. ಹಾಕುವುದಿಲ್ಲ. ನಿನ್ನ ಬೆನ್ನ ಹಿಂದೆ, ನೀನು ಓದದ ಕಾಗದವನ್ನು ಅಂಟಿಸಿ ಒಮ್ಮೆ ಕಳಿಸಿದ್ದೇನೆ. ಇನ್ನೊಂದು ಸಲ ಹಾಗೆ ಕಳಿಸುವ ಧೈರ್ಯ ನನಗಿಲ್ಲ. ಈ ಉತ್ತರವನ್ನು ಬಿಚ್ಚಿಯೇ ಇಟ್ಟಿದ್ದೇನೆ. ಯಾರ ಮೇಲೆ ಬರೆದಿದ್ದೆನೋ ಅವರು ಮೊದಲು ಓದಲಿ. ಒಂದು ಮಾತು ಹೆಚ್ಚುಕಡಿಮೆ ಇದ್ದರೆ ಅವರ ಎದುರಿಗೇ ತಿದ್ದುತ್ತೇನೆ. ಆಮೇಲೆ ಅವರ ಕೈಯಿಂದಲೇ ಕಚೇರಿಗೆ ಹೋಗಲಿ.

ಮೌನಿಯ ಹತ್ತಿರ ಒಂದು ದಿನ ರಜೆ ಕೇಳು. ಕೊಡದಿದ್ದರೆ ಬ್ರೇಕಣ್ಣನಿಗೆ ನೀನೇ ಒಂದು ಸಾಲು ಬರೆ, ನನ್ನ ಮಾತಿಗೆ ಬರುವ ಮನುಷ್ಯನಲ್ಲ ಅವನು. ನಡೆದೇ ಬರಬೇಕಾಗುತ್ತದೆ ಎಂದು ಗೊತ್ತು, ಅದೂ ನನ್ನಿಂದಲೇ. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವುದಿಲ್ಲ, ಒಳಗೆ ಕರೆದು ಕೂರಿಸುತ್ತೇನೆ ಎನ್ನು. ಶೆಡ್ಡಿನ ಬೆಂಚಿನ ಮೇಲೆ ಜನ ಇರುವ ಹೊತ್ತಿಗೇ ಬರಲಿ, ಅವತ್ತು ಕೇಳಿದವರಿಗೆ ಇದೂ ಕೇಳಲಿ. ನಿಮ್ಮಿಬ್ಬರಲ್ಲಿ ಒಬ್ಬರು ಬಂದು ನನ್ನ ಉತ್ತರವನ್ನು ತೆಗೆದುಕೊಂಡು ಹೋಗಿ.

ಅಕ್ಕ